ವಿಠ್ಠಲನ ಎರಡನೆಯ ಕನ್ನಡಕ

ಜ್ವರ ಬಿಟ್ಟ ಎಂಟನೆಯ ದಿನ ವಿಠ್ಠಲ ಹಾಸಿಗೆಯ ಮೇಲೆ ಎದ್ದು ಕುಳಿತು ಎದುರಿನ ಗೋಡೆಯನ್ನು ಬಹಳ ಹೊತ್ತು ನೋಡಿದ. ಆಮೇಲೆ ಹೆಂಡತಿಯನ್ನು ಕೂಗಿದ.

"ಗೋಡಿಗೆ ಏನ್ ಹಚ್ಚೀದಿ?"

"ಏನೂ ಹಚ್ಚಿಲ್ಲಲ್ರಿ," ಎಂದಳು ನಾಗವೇಣಿ, ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದು.

"ಮತ್ತ ಯಾಕ ಹಿಂಗ ರವಾ ಹುರದಂಗ ಕುಣ್ಯಾಕತ್ತೈತಿ?"

ಅವಳು ಗೋಡೆ ನೋಡಿದಳು. ರೈಲ್ವೆ ಕಾಲೊನಿಯ ಎಲ್ಲ ಮನೆಗಳ ಗೋಡೆಯಂತೆ ಅದಕ್ಕೂ ತಿಳಿಹಳದಿ ಸುಣ್ಣ ಬಳಿದಿತ್ತು, ಅಷ್ಟೇ. ಜ್ವರದ ನಿಶ್ಶಕ್ತಿ ಇರಬೇಕು ಎಂದು ಅವಳು ಗಂಜಿ ತಂದುಕೊಟ್ಟಳು. ಗಂಜಿಯ ಮೇಲೂ ಕಾಳು ಓಡಾಡುತ್ತಿವೆ ಎಂದು ಅವನು ಬಟ್ಟಲನ್ನು ದೂರ ಸರಿಸಿದ.

ವಿಠ್ಠಲ ಹುಬ್ಬಳ್ಳಿಯವನು. ಇಪ್ಪತ್ತೆರಡು ವರ್ಷದಿಂದ ಗುಜರಾತಿನಲ್ಲಿ ರೈಲು ಓಡಿಸುತ್ತಿದ್ದ. ಮೊದಲು ಗೂಡ್ಸ್ ಗಾಡಿ, ಈಗ ಆರು ವರ್ಷದಿಂದ ಪ್ಯಾಸೆಂಜರ್. ವಡೋದರಾದಿಂದ ಸೂರತ್, ಸೂರತ್ತಿನಿಂದ ವಡೋದರಾ, ಕೆಲವೊಮ್ಮೆ ಅಹಮದಾಬಾದ್. ಆ ದಾರಿಯ ಒಂದೊಂದು ಸಿಗ್ನಲ್ ಕಂಬವೂ ತನಗೆ ಗೊತ್ತು ಎಂದು ಹೇಳಿಕೊಳ್ಳುತ್ತಿದ್ದ. ಅದು ಜಂಬದ ಮಾತೇನೂ ಆಗಿರಲಿಲ್ಲ. ನಾಗವೇಣಿ ಮನೆಯಲ್ಲೇ ಸೀರೆಗೆ ಫಾಲ್ ಹಚ್ಚಿ, ಪಿಕೋ ಹೊಲಿದು ಕೊಡುತ್ತಿದ್ದಳು. ಕಾಲೊನಿಯ ಅರ್ಧ ಹೆಂಗಸರ ಸೀರೆಗಳು ಅವಳ ಮಶೀನಿನ ಕೆಳಗೆ ಹಾದುಹೋಗಿದ್ದವು. ಮಗಳು ಸಂಜನಾ ಹನ್ನೆರಡನೆಯ ತರಗತಿ. ಹುಟ್ಟಿದ್ದು, ಬೆಳೆದದ್ದು ವಡೋದರಾದಲ್ಲೇ. ಕನ್ನಡದಲ್ಲಿ ಕೇಳಿದರೆ ಹಿಂದಿ ಬೆರೆಸಿ ಉತ್ತರ ಕೊಡುತ್ತಿದ್ದಳು.

ಕಾಳುಗಳು ಹೋಗಲಿಲ್ಲ. ಆಕಾಶ ನೋಡಿದರೂ ಕಾಳು, ಕಣ್ಣು ಮುಚ್ಚಿದರೂ ಕಾಳು. ಬಿಸಿಲು ಚುಚ್ಚುತ್ತಿತ್ತು. ಅದಕ್ಕಿಂತ ಕೆಟ್ಟದ್ದೆಂದರೆ, ನೋಡಿದ ವಸ್ತು ಕಣ್ಣು ತಿರುಗಿಸಿದ ಮೇಲೂ ಅಲ್ಲೇ ನಿಲ್ಲುತ್ತಿತ್ತು. ಟ್ಯೂಬ್‌ಲೈಟ್ ನೋಡಿ ನಾಗವೇಣಿಯ ಕಡೆ ತಿರುಗಿದರೆ ಅವಳ ಹಣೆಯ ಮೇಲೆ ಟ್ಯೂಬ್‌ಲೈಟ್ ಅಡ್ಡ ಮಲಗಿರುತ್ತಿತ್ತು. ಇದನ್ನು ಅವನು ಮನೆಯಲ್ಲಿ ಒಂದೇ ಒಂದು ಸಲ ಹೇಳಿದ್ದ. ಕೆಲಸದ ಜಾಗದಲ್ಲಿ ಹೇಳಲೇ ಇಲ್ಲ. ಹದಿನೈದು ದಿನ ರಜೆ ಹಾಕಿ, ಹದಿನಾರನೆಯ ದಿನ ಡ್ಯೂಟಿಗೆ ಹೋದ.

ವಡೋದರಾದ ಕನ್ನಡಕದ ಅಂಗಡಿಯವನು ಪರೀಕ್ಷೆ ಮಾಡಿ ಅರ್ಧ ನಂಬರು ಇದೆ ಎಂದು ಒಂದು ಕನ್ನಡಕ ಕೊಟ್ಟ. ಬಿಳಿ ಗಾಜು, ಹೊಳಪು ತಡೆಯುವ ಲೇಪನ. ವಿಠ್ಠಲ ಅದನ್ನು ಒಂದು ತಿಂಗಳು ಹಾಕಿದ. ಅಕ್ಷರ ಕೊಂಚ ಚೂಪಾದವು. ಕಾಳೂ ಅಷ್ಟೇ ಚೂಪಾದವು. ಒಂದು ದಿನ ಊಟಕ್ಕೆ ಕುಳಿತವನು ಅದನ್ನು ತೆಗೆದು ಗೋಡೆಗೆ ಎಸೆದ. ಒಂದು ಕಡ್ಡಿ ಮುರಿಯಿತು. ಸಂಜನಾ ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ನಾಗವೇಣಿ ಮುರಿದ ಕಡ್ಡಿಯನ್ನು ಹೆಕ್ಕಲಿಲ್ಲ. "ಸಿಟ್ಟು ಬಂದ್ರ ಎಸದವರ ಎತ್ತಬೇಕು," ಎಂದಳು. ಅದು ಮೂರು ದಿನ ಅಲ್ಲೇ ಬಿದ್ದಿತ್ತು.

ಡಿಸೆಂಬರಿನಲ್ಲಿ ಇಬ್ಬರೂ ಅಹಮದಾಬಾದಿಗೆ ಹೋದರು. ಅಲ್ಲಿನ ಬೋಪಾಲ್ ಎಂಬ ಬಡಾವಣೆಯ ಎತ್ತರದ ಕಟ್ಟಡಗಳ ನಡುವೆ ಒಂದು ಕಣ್ಣಿನ ಕ್ಲಿನಿಕ್ಕು. ಅಲ್ಲಿನ ಡಾಕ್ಟರಮ್ಮ ಮಿದುಳಿಗೂ ಕಣ್ಣಿಗೂ ಸಂಬಂಧಪಟ್ಟ ರೋಗಗಳನ್ನು ನೋಡುತ್ತಾರೆ ಎಂದು ಯಾರೋ ಹೇಳಿದ್ದರು. ಅವರು ಎರಡು ಗಂಟೆ ಪರೀಕ್ಷೆ ಮಾಡಿದರು. ಕಣ್ಣಿನ ಹಿಂಭಾಗದ ಚಿತ್ರ ತೆಗೆದರು, ಮೊದಲೇ ಮಾಡಿಸಿದ್ದ ತಲೆಯ ಸ್ಕ್ಯಾನ್ ನೋಡಿದರು.

"ಕಣ್ಣು ಚೆನ್ನಾಗಿದೆ," ಎಂದರು ಹಿಂದಿಯಲ್ಲಿ. "ಕಣ್ಣು ಕಳಿಸಿದ್ದನ್ನು ಮಿದುಳು ಸೋಸಬೇಕು. ನಿಮ್ಮದು ಸೋಸುತ್ತಿಲ್ಲ. ಕೆಲವರಿಗೆ ಜ್ವರದ ನಂತರ ಹೀಗಾಗುತ್ತದೆ, ಕೆಲವರಿಗೆ ಕಾರಣವೇ ಗೊತ್ತಾಗುವುದಿಲ್ಲ. ಕುರುಡಾಗುವುದಿಲ್ಲ, ಹೆದರಬೇಡಿ. ಆದರೆ ಇದನ್ನು ವಾಸಿ ಮಾಡುವ ಔಷಧಿ ನನ್ನ ಹತ್ತಿರ ಇಲ್ಲ."

"ಕನ್ನಡಕ?"

"ನಂಬರಿನ ಕನ್ನಡಕದಿಂದ ಇದು ಹೋಗುವುದಿಲ್ಲ. ಬಣ್ಣದ ಗಾಜಿನಿಂದ ಕೆಲವರಿಗೆ ಹಾಯೆನಿಸುತ್ತದೆ. ಎಲ್ಲರಿಗೂ ಅಲ್ಲ. ನೋಡೋಣ."

ಅವರು ಒಂದು ಪೆಟ್ಟಿಗೆ ತೆರೆದು ಬಣ್ಣಬಣ್ಣದ ಗಾಜಿನ ಬಿಲ್ಲೆಗಳನ್ನು ಒಂದೊಂದಾಗಿ ಅವನ ಕಣ್ಣ ಮುಂದೆ ಹಿಡಿದರು. ಹಳದಿ ಇಟ್ಟಾಗ ಮುಖ ಸಿಂಡರಿಸಿದ. ನೀಲಿ ಇಟ್ಟಾಗ ಪರವಾಗಿಲ್ಲ ಎಂದ. ಗುಲಾಬಿ ಬಣ್ಣದ್ದು ಇಟ್ಟಾಗ ಗೋಡೆಯನ್ನೇ ನೋಡುತ್ತ ಕುಳಿತ. ನಾಗವೇಣಿ ನೋಡುತ್ತಿದ್ದಂತೆ ಅವನ ಭುಜಗಳು ಇಳಿದವು. ಮೂರು ತಿಂಗಳಿನಿಂದ ಅವು ಎತ್ತಿಕೊಂಡೇ ಇದ್ದವು ಎಂದು ಅವಳಿಗೆ ಗೊತ್ತಾದದ್ದು ಆಗಲೇ.

"ನಿಂತುವು," ಎಂದ ಕನ್ನಡದಲ್ಲಿ. ಆಮೇಲೆ ಹಿಂದಿಯಲ್ಲಿ, "ಪೂರ್ತಿ ಅಲ್ಲ. ಆದರೆ ನಿಂತ ಹಾಗೆ ಆಯಿತು."

ಡಾಕ್ಟರಮ್ಮ ಚೀಟಿ ಬರೆಯುತ್ತ ಕೇಳಿದರು, "ಏನು ಕೆಲಸ ಮಾಡುತ್ತೀರಿ?"

"ಕ್ಲಾರ್ಕು," ಎಂದ ವಿಠ್ಠಲ. "ಗೋದಾಮಿನಲ್ಲಿ."

ನಾಗವೇಣಿ ಅವನ ಕಡೆ ತಿರುಗಿದಳು. ಅವನು ತಿರುಗಲಿಲ್ಲ.

"ಹಾಗಾದರೆ ಚಿಂತೆಯಿಲ್ಲ. ಈ ಗಾಜು ಬಣ್ಣಗಳನ್ನು ಸ್ವಲ್ಪ ಬದಲಾಯಿಸುತ್ತದೆ. ಹಸಿರು ಮಂಕಾಗುತ್ತದೆ. ಇದನ್ನು ಹಾಕಿಕೊಂಡು ಗಾಡಿ ಓಡಿಸುವಾಗ ಹುಷಾರು, ಸಿಗ್ನಲ್ ತಪ್ಪು ಕಾಣಬಹುದು."

ನಾಗವೇಣಿ ಆಗ ಬಾಯಿ ಬಿಡಬಹುದಿತ್ತು. ಬಿಡಲಿಲ್ಲ. ಎಷ್ಟೋ ದಿನದ ಮೇಲೆ ಗಂಡನ ಮುಖ ಸಡಿಲವಾಗಿತ್ತು, ಅದನ್ನು ಅಲ್ಲೇ ಕೆಡಿಸಲು ಅವಳಿಗೆ ಮನಸ್ಸಾಗಲಿಲ್ಲ. ಹೊರಗೆ ಬಂದ ಮೇಲೆ ಕೇಳಿದಳು.

"ಸುಳ್ಳ ಯಾಕ ಹೇಳಿದ್ರಿ?"

"ಖರೇ ಹೇಳಿದ್ರ ಈ ಚಸ್ಮಾ ಕೊಡ್ತಿರಲಿಲ್ಲ."

"ಡ್ಯೂಟಿ ಮ್ಯಾಲ ಹಾಕ್ಕೊಳ್ಳಾಂಗಿಲ್ಲ ಮತ್ತ."

"ಹೂಂ ಅಂದೆನಲ್ಲ," ಎಂದ. ಆದರೆ ಅವನು ಹೂಂ ಅಂದಿರಲಿಲ್ಲ.

ಗುಲಾಬಿ ಗಾಜಿನ ಕನ್ನಡಕ ಬಂದ ಮೇಲೆ ಮನೆಯಲ್ಲಿ ಎರಡು ವಾರ ಸುಖವಿತ್ತು. ವಿಠ್ಠಲ ಪೇಪರು ಓದಿದ. ಮಗಳ ಜೊತೆ ಕ್ರಿಕೆಟ್ ನೋಡಿದ. ಹೆಂಡತಿ ಮಶೀನಿಗೆ ಕುಳಿತಾಗ ಪಕ್ಕದಲ್ಲಿ ಚಾ ಹಿಡಿದು ಕೂರತೊಡಗಿದ. ಅಂಥ ಒಂದು ಬೆಳಿಗ್ಗೆ ಅವಳು ಸೀರೆಯ ಅಂಚು ಹಿಡಿದುಕೊಂಡೇ, "ಆ ಹಸಿರು ರೀಲ್ ಕೊಡ್ರಿ," ಎಂದಳು. ಅವನು ಡಬ್ಬಿಯಲ್ಲಿ ಕೈಯಾಡಿಸಿ ಬೂದಿ ಬಣ್ಣದ ದಾರ ಕೊಟ್ಟ.

ಅವಳು ಎದ್ದು ಹಸಿರನ್ನು ತಾನೇ ತೆಗೆದುಕೊಂಡಳು. ಮಧ್ಯಾಹ್ನದವರೆಗೆ ಅದನ್ನೇ ಯೋಚಿಸಿದಳು. ಊಟವಾದ ಮೇಲೆ ಚಾಪೆಯ ಮೇಲೆ ಐದು ರೀಲು ಸಾಲಾಗಿ ಇಟ್ಟಳು.

"ಇವು ಯಾವ್ಯಾವ ಬಣ್ಣ ಹೇಳ್ರಿ. ಸೀರಿ ಕೊಡೋದೈತಿ, ನಂಗ ಗೊತ್ತಾಗವಲ್ದು."

ಅವನು ಒಂದೊಂದಕ್ಕೂ ಬೆರಳು ಇಟ್ಟ. "ಕೆಂಪು. ಕೇಸರಿ. ಇದೂ ಕೇಸರಿ. ಬೂದಿ. ಇದು ನೀಲಿ ಇರಬೇಕು."

ಎರಡನೆಯ ಕೇಸರಿ ಹಳದಿಯಾಗಿತ್ತು. ಬೂದಿ ಹಸಿರಾಗಿತ್ತು. ನಾಗವೇಣಿಯ ಮುಖ ನೋಡಿ ಅವನಿಗೆ ತಿಳಿಯಿತು. ಕನ್ನಡಕ ಎತ್ತಿ ರೀಲುಗಳನ್ನು ಮತ್ತೆ ನೋಡಿದ.

"ನಂಗ ಪರೀಕ್ಷಾ ಇಟ್ಟೀಯೇನ?"

"ನೀವು ಡ್ಯೂಟಿ ಮ್ಯಾಲ ಈ ಚಸ್ಮಾ ಹಾಕ್ಕೋತೀರಿ. ಹೌದಿಲ್ಲೋ?"

"ನನ್ನ ಮುಂದ ಹಿಂಗ ಕುಂತು ಪ್ರಶ್ನಿ ಕೇಳಾಕ ನೀ ಯಾರ? ರೈಲ್ವೆದಾಗ ಅದಿಯೇನು?"

"ಹಾಕ್ಕೋತೀರಿ."

"ಹಾಕ್ಕೋತೀನಿ!" ವಿಠ್ಠಲ ಚಾಪೆಯ ಮೇಲಿನ ರೀಲುಗಳನ್ನು ಕಾಲಿನಿಂದ ಒದ್ದ. "ಅದನ್ನ ತಗದ್ರ ಏನೂ ಕಾಣಾಂಗಿಲ್ಲ ನಂಗ. ಎಂಟ ತಾಸು ಬಿಸಲಿಗೆ ಮಾರಿ ಕೊಟ್ಟು ಕುಂತು ನೋಡು ನೀ, ಗೊತ್ತಾಗತೈತಿ. ಮನ್ಯಾಗ ಕುಂತು ದಾರ ಪೋಣಸಾಕಿ ನೀ, ನಿಂಗೇನ್ ತಿಳೀತೈತಿ?"

"ಸಿಗ್ನಲ್ ಹೆಂಗ ನೋಡ್ತೀರಿ?"

"ಭಾವಿಕಾ ಕೂಗ್ತಾಳ!" ಎಂದು ಅವನು ಅರಚಿದ. "ಅಸಿಸ್ಟಂಟ್ ಅಂತ ಯಾಕ ಕೊಟ್ಟಾರ? ಆಕಿ ಹಸಿರು ಅಂದ್ರ ನಾ ಹಸಿರು ಅಂತೀನಿ. ಆಕಿ ಹಳದಿ ಅಂದ್ರ ನಾ ಹಳದಿ ಅಂತೀನಿ. ಸಾಕಾತೇನು?"

ಎಂಜಿನ್ನಿನಲ್ಲಿ ಇಬ್ಬರಿರುತ್ತಾರೆ. ಎದುರಿಗೆ ಬಂದ ಪ್ರತಿ ಸಿಗ್ನಲ್ಲಿನ ಬಣ್ಣವನ್ನು ಇಬ್ಬರೂ ಕೈ ತೋರಿಸಿ ಗಟ್ಟಿಯಾಗಿ ಕೂಗಬೇಕು. ಒಬ್ಬರ ಕಣ್ಣು ತಪ್ಪಿದರೆ ಇನ್ನೊಬ್ಬರ ಕಣ್ಣು ಹಿಡಿಯಲಿ ಎಂದೇ ಆ ನಿಯಮ. ಮದುವೆಯಾದ ಹೊಸದರಲ್ಲಿ ಇದನ್ನು ನಾಗವೇಣಿಗೆ ಹೆಮ್ಮೆಯಿಂದ ವಿವರಿಸಿದವನು ವಿಠ್ಠಲನೇ. ಈಗ ತನ್ನ ಬಾಯಿಂದ ಏನು ಬಂತೆಂದು ಅವನಿಗೂ ಕೇಳಿಸಿತು. ಚಪ್ಪಲಿ ಮೆಟ್ಟಿ ಹೊರಗೆ ಹೋದ.

ಕಾಲೊನಿಯ ಇನ್ನೊಂದು ತುದಿಯಲ್ಲಿ ಸುಬ್ರಹ್ಮಣ್ಯ ಎಂಬವರಿದ್ದರು. ಭದ್ರಾವತಿಯವರು. ಲೋಕೋ ಇನ್‌ಸ್ಪೆಕ್ಟರು. ವಿಠ್ಠಲನಂಥ ಚಾಲಕರ ಕೆಲಸದ ಮೇಲೆ ಕಣ್ಣಿಡುವುದು ಅವರ ಕೆಲಸವೇ. ಹಬ್ಬಕ್ಕೆ ಎರಡೂ ಮನೆಯವರು ಹೋಳಿಗೆ ಹಂಚಿಕೊಳ್ಳುವಷ್ಟು ಬಳಕೆ. ಮರುದಿನ ನಾಗವೇಣಿ ಅವರ ಮನೆಗೆ ಹೋಗಿ ಎಲ್ಲವನ್ನೂ ಹೇಳಿದಳು. ಅವರು ಕೇಳಿಸಿಕೊಂಡು ಬಾಗಿಲ ಕಡೆ ಒಮ್ಮೆ ನೋಡಿದರು.

"ನನಗೆ ಹೇಳಿದ್ರಿ, ಸರಿ. ಇನ್ಯಾರಿಗೂ ಹೇಳ್ಬೇಡಿ ನಾಗವೇಣಿಯವರೇ. ಕಾಗದದ ಮೇಲೆ ಬಂದ್ರೆ ಅವನನ್ನ ಎಂಜಿನ್ನಿಂದ ಇಳಿಸ್ತಾರೆ. ಮತ್ತೆ ಹತ್ತಿಸೋದಿಲ್ಲ. ನಾನೇ ಅವನ ಹತ್ರ ಮಾತಾಡ್ತೀನಿ."

"ಮಾತಾಡಿದ್ರ ಕೇಳ್ತಾರೇನ್ರಿ ಅವ್ರು?"

"ಮನೆ ಮಾತು ಇದು. ಮನೇಲೇ ಇರಲಿ."

"ಆ ಗಾಡಿಯಾಗ ಕುಂತ ಮಂದಿ ನಮ್ಮ ಮನೀ ಮಂದಿ ಅಲ್ಲಲ್ರಿ," ಎಂದಳು ನಾಗವೇಣಿ. ಸುಬ್ರಹ್ಮಣ್ಯರು ಎದ್ದು ನಿಂತರು. ಅವರ ಹೆಂಡತಿ ಚಾ ತರಲಿಲ್ಲ.

ಅವರು ಮಾತಾಡಿದರು ಎನ್ನುವುದು ಆ ದಿನ ಸಂಜೆಯೇ ಗೊತ್ತಾಯಿತು. ವಿಠ್ಠಲ ಒಳಗೆ ಬಂದವನೇ ಮಗಳ ಎದುರಿಗೇ ಕೇಳಿದ.

"ಸುಬ್ರಹ್ಮಣ್ಯನ ಮನೀಗೆ ಹೋಗಿ ಅತ್ತು ಬಂದಿಯಂತ?"

"ಅತ್ತಿಲ್ಲ. ಹೇಳಿ ಬಂದೆ."

"ಸಂಜೂ, ನಿಮ್ಮವ್ವಗ ಹುಚ್ಚು ಹಿಡದೈತಿ. ಅಪ್ಪನ ಅನ್ನಕ್ಕ ಮಣ್ಣು ಹಾಕಾಕ ನಿಂತಾಳ. ನೆನಪಿಟ್ಟಕೋ."

ಸಂಜನಾ ಅಪ್ಪನನ್ನೂ ಅಮ್ಮನನ್ನೂ ನೋಡಿದಳು. "ಮಮ್ಮಿ, ಯಾಕೆ ಸುಮ್ನೆ ಎಲ್ಲಾ ಕಡೆ ಹೋಗಿ ಬೋಲ್‌ತೀಯಾ? ಪಪ್ಪಾ ಎಷ್ಟು ಸ್ಟ್ರೆಸ್‌ನಲ್ಲಿ ಇದಾರೆ, ನಿಂಗೆ ದಿಖತಾ ನಹೀ?"

ಮರುದಿನ ವಿಠ್ಠಲನಿಗೆ ಬೆಳಿಗ್ಗೆ ಹತ್ತರ ಗಾಡಿ. ಅವನು ಒಂಬತ್ತಕ್ಕೆ ಸ್ಟೇಷನ್ನಿಗೆ ಹೋದ. ನಾಗವೇಣಿ ಒಂಬತ್ತೂಕಾಲಿಗೆ ಮನೆಗೆ ಬೀಗ ಹಾಕಿ ಆಟೋ ಹತ್ತಿದಳು. ಕೈಯಲ್ಲಿ ಡಾಕ್ಟರಮ್ಮನ ಚೀಟಿ. ಅದನ್ನು ವಿಠ್ಠಲ ಅಲಮಾರಿಯ ಕಾಗದಗಳ ಅಡಿಯಲ್ಲಿ ಇಟ್ಟಿದ್ದ. ಆಟೋದಲ್ಲಿ ಕುಳಿತಾಗ ತಾನು ಭಯದಿಂದ ಹೋಗುತ್ತಿದ್ದೇನೆಯೋ, ಅಥವಾ ಹಿಂದಿನ ದಿನ ಮಗಳ ಮುಂದೆ ಅವನಾಡಿದ ಮಾತಿನ ಸಿಟ್ಟಿನಿಂದಲೋ ಎಂದು ಅವಳು ತನ್ನನ್ನೇ ಕೇಳಿಕೊಂಡಳು. ಎರಡೂ ಇದ್ದವು. ಯಾವುದು ಹೆಚ್ಚು ಎಂದು ಆಮೇಲೂ ಅವಳಿಗೆ ಹೇಳಲಾಗಲಿಲ್ಲ.

ಚಾಲಕರು ಡ್ಯೂಟಿಗೆ ಹಾಜರಿ ಹಾಕುವ ಕೋಣೆಯನ್ನು ಅವರೆಲ್ಲ ಲಾಬಿ ಎನ್ನುತ್ತಾರೆ. ಹತ್ತು ಹನ್ನೆರಡು ಜನ ಇದ್ದರು. ಒಬ್ಬೊಬ್ಬರಾಗಿ ಕುಡಿದಿಲ್ಲವೆಂದು ತೋರಿಸಲು ಸಣ್ಣ ಯಂತ್ರದ ನಳಿಗೆಗೆ ಊದುತ್ತಿದ್ದರು. ವಿಠ್ಠಲ ಊದಿ ಮುಗಿಸಿ ರಿಜಿಸ್ಟರಿಗೆ ಸಹಿ ಹಾಕುತ್ತಿದ್ದ. ಪಕ್ಕದಲ್ಲಿ ಭಾವಿಕಾ ನಿಂತಿದ್ದಳು. ಸೂರತ್ತಿನ ಹೆಂಗಸು, ಮೂವತ್ತೈದರ ಆಸುಪಾಸು, ಎರಡು ಮಕ್ಕಳ ತಾಯಿ.

ನಾಗವೇಣಿ ನೇರ ಮೇಜಿನ ಹತ್ತಿರ ಹೋಗಿ ಸೂಪರ್‌ವೈಸರನ ಮುಂದೆ ಚೀಟಿ ಇಟ್ಟಳು. ತನಗೆ ಬರುವ ಹಿಂದಿಯಲ್ಲಿ, ಎಲ್ಲರಿಗೂ ಕೇಳುವಂತೆ ಹೇಳಿದಳು. "ಇವರಿಗೆ ಕಣ್ಣಿನಲ್ಲಿ ತೊಂದರೆ ಇದೆ. ಬಣ್ಣದ ಕನ್ನಡಕ ಹಾಕಿಕೊಂಡು ಗಾಡಿ ಓಡಿಸುತ್ತಿದ್ದಾರೆ. ಅದು ಇವರ ಚೀಲದಲ್ಲಿದೆ. ಅದನ್ನು ಹಾಕಿದರೆ ಹಸಿರು, ಹಳದಿ ಗೊತ್ತಾಗುವುದಿಲ್ಲ."

ವಿಠ್ಠಲ ಪೆನ್ನನ್ನು ಮೇಜಿನ ಮೇಲಿಟ್ಟ.

"ಮನೀಗೆ ನಡಿ," ಎಂದ ಕನ್ನಡದಲ್ಲಿ, ತಗ್ಗಿದ ದನಿಯಲ್ಲಿ.

"ಚೀಲಾ ತೋರಸ್ರಿ."

"ಮನೀಗೆ ನಡಿ ಅಂದೆ."

ಸೂಪರ್‌ವೈಸರು ಚೀಟಿ ಓದಿ ಚೀಲ ತೆರೆಯಲು ಹೇಳಿದ. ಹೊಸ ಕಡ್ಡಿ ಹಾಕಿಸಿದ್ದ ನಂಬರಿನ ಬಿಳಿ ಕನ್ನಡಕದ ಕೆಳಗೆ ಗುಲಾಬಿ ಗಾಜಿನದು ಸಿಕ್ಕಿತು. ಭಾವಿಕಾ ಅದನ್ನೂ, ವಿಠ್ಠಲನನ್ನೂ ನೋಡಿದಳು. ಬಿಸಿಲಿಗೆ ಹಾಕುವ ತಂಪು ಕನ್ನಡಕ ಎಂದು ಅವನು ಅವಳಿಗೆ ಹೇಳಿದ್ದ. ಆ ದಿನ ಹತ್ತರ ಗಾಡಿಗೆ ಬೇರೆ ಚಾಲಕ ಹತ್ತಿದ. ವಿಠ್ಠಲನನ್ನು ವಿಶೇಷ ತಪಾಸಣೆಗೆಂದು ಆಸ್ಪತ್ರೆಗೆ ಕಳಿಸಿದರು.

ಕಾಲೊನಿಗೆ ಸುದ್ದಿ ನಾಗವೇಣಿಗಿಂತ ಮೊದಲೇ ತಲುಪಿತ್ತು. ಪಿಕೋಗೆ ಬಂದಿದ್ದ ಸೀರೆಗಳನ್ನು ಹೆಂಗಸರು ಹೊಲಿಗೆಯಾಗದೆಯೇ ವಾಪಸು ಒಯ್ದರು. ಪಕ್ಕದ ಮನೆಯ ಸುಲೋಚನಾ, ಧಾರವಾಡದವಳು, ಬಾಗಿಲಲ್ಲೇ ನಿಂತು ಹೇಳಿದಳು. "ಗಂಡನ್ನ ಹಿಡದುಕೊಟ್ಟಿ. ನಾಳೆ ನಮ್ಮ ಗಂಡಸರು ಎಲ್ಲಿ ಕೆಮ್ಮಿದ್ರು, ಎಲ್ಲಿ ಸೀನಿದ್ರು ಅಂತನೂ ಹೋಗಿ ಹೇಳ್ತಿ. ನಿನ್ನ ಮನೀ ಹೊಸಲಿಗೆ ನಾ ಕಾಲಿಡಾಂಗಿಲ್ಲ." ಸಂಜನಾ ಅಮ್ಮ ಮಾಡಿದ ಅಡುಗೆ ಮುಟ್ಟದೆ ಮ್ಯಾಗಿ ಮಾಡಿಕೊಂಡಳು.

ಐದು ದಿನ ಪರೀಕ್ಷೆ ನಡೆಯಿತು. ಆರನೆಯ ದಿನ ವಿಠ್ಠಲ ಮನೆಗೆ ಬಂದು ಒಂದು ಕಾಗದವನ್ನು ನಾಗವೇಣಿಯ ಮಶೀನಿನ ಮೇಲೆ ಇಟ್ಟ.

"ಓದು. ಇಂಗ್ಲಿಷ್ ಬರೂದಿಲ್ಲಂದ್ರ ಮಗಳ ಕಡೆ ಓದಿಸ್ಕೋ."

ಅವನು ಫಿಟ್ ಆಗಿದ್ದ. ಕನ್ನಡಕ ತೆಗೆದರೆ ಅವನ ಕಣ್ಣು ಎಲ್ಲ ಅಕ್ಷರ ಓದುತ್ತಿತ್ತು, ಎಲ್ಲ ಬಣ್ಣ ಗುರುತಿಸುತ್ತಿತ್ತು. ಕತ್ತಲ ಕೋಣೆಯಲ್ಲಿ ದೀಪದ ಬಣ್ಣ ಹೇಳುವ ಪರೀಕ್ಷೆಯಲ್ಲೂ ಒಂದೂ ತಪ್ಪಿರಲಿಲ್ಲ. ಕಾಳುಗಳನ್ನು ಯಾವ ಯಂತ್ರವೂ ನೋಡಲಾರದು. ಅವು ಇವೆಯೆಂದು ಅವನೇ ಹೇಳಬೇಕು. ತಲೆನೋವಿಗೆಂದು ಬಣ್ಣದ ಗಾಜು ಬರೆಸಿಕೊಂಡಿದ್ದೆ, ಈಗ ತಲೆನೋವು ಹೋಗಿದೆ, ಬೇರೆ ಯಾವ ತೊಂದರೆಯೂ ಇಲ್ಲ ಎಂದು ಅವನು ಬರೆದುಕೊಟ್ಟಿದ್ದ. ಬೋಪಾಲ್‌ನ ಚೀಟಿಯಲ್ಲಿ ಅವನ ಕೆಲಸ ಗೋದಾಮಿನ ಕ್ಲಾರ್ಕು ಎಂದಿತ್ತು. ಹೆಂಡತಿ ಎಲ್ಲವನ್ನೂ ದೊಡ್ಡದು ಮಾಡುತ್ತಾಳೆ, ನನ್ನ ಕೆಲಸವನ್ನೇ ತಪ್ಪು ಬರೆದಿರುವ ಆ ಚೀಟಿಯನ್ನೂ ನಂಬಬೇಡಿ ಎಂದು ಅವನು ಹೇಳಿದ್ದ. ಬಣ್ಣದ ಕನ್ನಡಕ ಹಾಕಿ ಡ್ಯೂಟಿ ಮಾಡಿದ್ದಕ್ಕೆ ಎಚ್ಚರಿಕೆ ಕೊಟ್ಟಿದ್ದರು. ಇನ್ನು ಹಾಕುವುದಿಲ್ಲ ಎಂದು ಸಹಿ ಮಾಡಿಸಿಕೊಂಡಿದ್ದರು. ಅಷ್ಟೇ.

"ಕಾಳು?" ಎಂದಳು ನಾಗವೇಣಿ.

"ಯಾವ ಕಾಳು?"

"ನನ್ನ ಮುಂದರ ಖರೇ ಹೇಳ್ರಿ."

"ನಿನ್ನ ಮುಂದ?" ಅವನು ನಕ್ಕ. ಅಂಥ ನಗುವನ್ನು ಅವಳು ಹತ್ತೊಂಬತ್ತು ವರ್ಷದ ಸಂಸಾರದಲ್ಲಿ ನೋಡಿರಲಿಲ್ಲ. "ಇನ್ನ ಮ್ಯಾಲ ನಿನ್ನ ಮುಂದ ನಾ ಹಸಿವಾಗೈತಿ ಅಂತನೂ ಹೇಳಾಂಗಿಲ್ಲ."

ಹಾಗೆಯೇ ನಡೆದುಕೊಂಡ. ಏನು ಬೇಕಾದರೂ ಸಂಜನಾಳಿಗೆ ಹೇಳುತ್ತಿದ್ದ, ಸಂಜನಾ ಅಮ್ಮನಿಗೆ ಹೇಳುತ್ತಿದ್ದಳು. "ಪಪ್ಪಾಗೆ ಯೂನಿಫಾರ್ಮ್ ಇಸ್ತ್ರಿ ಬೇಕಂತೆ." "ಪಪ್ಪಾ ಹೊರಗೆ ಊಟ ಮಾಡ್ತಾರಂತೆ." ನಾಗವೇಣಿಯೂ ಪಟ್ಟು ಬಿಡಲಿಲ್ಲ. "ನಿಮ್ಮಪ್ಪಗ ಹೇಳು, ಇಸ್ತ್ರಿಪೆಟಗಿ ಎಲ್ಲೈತಿ ಅಂತ ಅವ್ರಿಗೂ ಗೊತ್ತೈತಿ."

ಅವಳನ್ನು ತಿನ್ನುತ್ತಿದ್ದದ್ದು ಬೇರೆಯೇ. ಗುಲಾಬಿ ಗಾಜು ಹಾಕಿದ್ದಾಗ ಅವನಿಗೆ ಬಣ್ಣ ತಪ್ಪುತ್ತಿತ್ತು, ಆದರೆ ಕಣ್ಣಿಗೆ ನೆಮ್ಮದಿಯಿತ್ತು. ಈಗ ತನ್ನಿಂದಾಗಿ ಅದೂ ಇಲ್ಲ. ಅವನು ಬರಿಗಣ್ಣಿನಲ್ಲಿ, ಅದೇ ಕಾಳುಗಳ ನಡುವೆ, ಅದೇ ಗಾಡಿ ಓಡಿಸುತ್ತಿದ್ದ. ಸಂಜೆ ಮನೆಗೆ ಬಂದವನು ದೀಪ ಹಾಕಗೊಡದೆ ಗೋಡೆಗೆ ಬೆನ್ನು ಮಾಡಿ ಮಲಗುತ್ತಿದ್ದ. ಭುಜಗಳು ಮತ್ತೆ ಮೇಲೆ ಹೋಗಿದ್ದವು.

ಮಾರ್ಚ್ ಮೊದಲ ವಾರದ ಒಂದು ಮಂಗಳವಾರ ಅವನು ನಾಲ್ಕು ತಾಸು ತಡವಾಗಿ ಬಂದ. ಸಮವಸ್ತ್ರವನ್ನು ತಾನೇ ಒಗೆದು ಹಗ್ಗಕ್ಕೆ ಹಾಕಿದ. ಮರುದಿನ ಡ್ಯೂಟಿಗೆ ಹೋಗಲಿಲ್ಲ. ಅದರ ಮರುದಿನವೂ ಹೋಗಲಿಲ್ಲ. ಯಾಕೆಂದು ಸಂಜನಾ ಕೇಳಿದರೆ, "ರಜಾ," ಎಂದ.

ಆ ಶುಕ್ರವಾರ ಅವನು ಹೊರಗೆ ಹೋಗಿದ್ದಾಗ ಭಾವಿಕಾ ಬಂದಳು. ಕೈಯಲ್ಲಿ ಎರಡು ಸೀರೆ. "ಪಿಕೋ ಮಾಡಿಸಬೇಕು," ಎಂದಳು. ಎರಡು ತಿಂಗಳ ಮೇಲೆ ಆ ಮನೆಗೆ ಬಂದ ಮೊದಲ ಸೀರೆ. ನಾಗವೇಣಿ ಅವಳನ್ನು ಒಳಗೆ ಕರೆದು ಕುರ್ಚಿ ಕೊಟ್ಟಳು.

"ಅವರು ಹೇಳಿದರಾ ನಿಮಗೆ?" ಎಂದು ಭಾವಿಕಾ ಹಿಂದಿಯಲ್ಲಿ ಕೇಳಿದಳು.

"ನನ್ನ ಜೊತೆ ಮಾತಾಡುವುದಿಲ್ಲ ಅವರು."

ಭಾವಿಕಾ ಹೇಳಿದಳು. ಮಂಗಳವಾರ ಸೂರತ್ತಿನಿಂದ ಮಧ್ಯಾಹ್ನ ಹೊರಟಿದ್ದರು. ಎಡಗಡೆಯಿಂದ ಬಿಸಿಲು. ಭರೂಚ್ ದಾಟಿದ ಮೇಲೆ ಮುಂದೆ ಗೂಡ್ಸ್ ಗಾಡಿಯಿತ್ತು, ಹಾಗಾಗಿ ಮೊದಲು ಎರಡು ಹಳದಿ ದೀಪದ ಸಿಗ್ನಲ್ಲು ಸಿಕ್ಕಿತು, ಆಮೇಲೆ ಒಂದು ಹಳದಿಯದು. ಮುಂದಿನದಕ್ಕೆ ನಿಲ್ಲಲು ಸಿದ್ಧವಾಗಿರು ಎಂದು ಅದರ ಅರ್ಥ. ವೇಗ ಇಳಿಸಿದ್ದರು. ತಿರುವು ಕಳೆದು ಮುಂದಿನ ಕಂಬ ಕಂಡಾಗ ವಿಠ್ಠಲ ಕೈ ಚಾಚಿ "ಹಳದಿ" ಎಂದು ಕೂಗಿದ. ಅದು ಕೆಂಪಾಗಿತ್ತು.

"ನಾನು ಕೆಂಪು, ಕೆಂಪು ಎಂದು ಕಿರುಚಿದೆ. ಅವರು ಮತ್ತೆ ಹಳದಿ ಎಂದರು. ಹಿಂದಿನ ಸಿಗ್ನಲ್ಲು ಅವರ ಕಣ್ಣಲ್ಲಿ ಇನ್ನೂ ಉಳಿದಿತ್ತಂತೆ. ಅದು ಕೆಂಪಿನ ಮೇಲೆ ಕುಳಿತಿತ್ತಂತೆ. ನಾನು ತುರ್ತು ಬ್ರೇಕಿಗೆ ಕೈ ಹಾಕುವ ಹೊತ್ತಿಗೆ ಅವರೇ ಹಾಕಿದರು. ಕಂಬಕ್ಕೆ ಎರಡು ಬೋಗಿಯಷ್ಟು ದೂರವಿತ್ತು, ನಿಂತೆವು."

"ಯಾರಿಗಾದರೂ..."

"ಯಾರಿಗೂ ಏನೂ ಆಗಲಿಲ್ಲ. ಒಳಗಿದ್ದವರು ಬೈದರು, ಅಷ್ಟೇ. ಕಂಬ ದಾಟಲಿಲ್ಲವಲ್ಲ, ದಾಟದಿದ್ದರೆ ಅಪರಾಧವಿಲ್ಲ. ಹಸಿರು ಬಂದ ಮೇಲೆ ಸುಮ್ಮನೆ ಹೊರಟುಬಿಡಬಹುದಿತ್ತು. ಗಾರ್ಡಿಗೆ ದನ ಅಡ್ಡ ಬಂತು ಎಂದರೆ ಮುಗಿಯುತ್ತಿತ್ತು. ನಾನು ಅವರಿಗೆ ಹೇಳಿದೆ, ನೀವು ಬರೆಯದಿದ್ದರೆ ನಾನು ಬರೆಯುತ್ತೇನೆ, ನನಗೆ ಎರಡು ಮಕ್ಕಳಿದ್ದಾರೆ ಎಂದು. ಹತ್ತು ನಿಮಿಷ ಕಳೆದ ಮೇಲೆ ಅವರು ವಾಕಿಟಾಕಿಯಲ್ಲಿ ತಮ್ಮನ್ನು ಬದಲಾಯಿಸಲು ಬೇರೆ ಚಾಲಕನನ್ನು ಕಳಿಸಿ ಎಂದರು. ಆ ಕಡೆಯವರು ಕಾರಣ ಕೇಳಿದರು. ಇವರು, ನನ್ನ ಕಣ್ಣು ಸರಿಯಿಲ್ಲ ಎಂದರು. ಎಲ್ಲರಿಗೂ ಕೇಳಿಸಿತು."

ಆ ಸಂಜೆ ವಡೋದರಾದಲ್ಲಿ ಅವನು ಎರಡು ಪುಟ ಬರೆದುಕೊಟ್ಟಿದ್ದ. ಜ್ವರ, ಕಾಳು, ಉಳಿಯುವ ದೀಪಗಳು, ಬೋಪಾಲ್‌ನಲ್ಲಿ ಹೇಳಿದ ಸುಳ್ಳು, ಆಸ್ಪತ್ರೆಯಲ್ಲಿ ಹೇಳಿದ ಸುಳ್ಳು. ನಾಗವೇಣಿ ಭಾವಿಕಾಳ ಸೀರೆಗಳನ್ನು ಅಂದೇ ಹೊಲಿದುಕೊಟ್ಟಳು. ಗಂಡ ಬಂದ ಮೇಲೆ ಅವನ ಎದುರು ನಿಂತು, "ಭಾವಿಕಾ ಬಂದಿದ್ಲು," ಎಂದಳು.

"ಕುಣೀ ಹಂಗಾರ," ಎಂದ ವಿಠ್ಠಲ. "ಗೆದ್ದಿ."

ಎಂಜಿನ್ ಏರುವ ಹಕ್ಕು ಅವನಿಗೆ ಮತ್ತೆ ಬರಲಿಲ್ಲ. ಮೂರು ತಿಂಗಳ ಮೇಲೆ ಬೇರೆ ಹುದ್ದೆಯ ಆದೇಶ ಬಂತು, ಅಹಮದಾಬಾದಿನ ಸಾಬರಮತಿಯ ಒಂದು ಕಚೇರಿಯಲ್ಲಿ, ಚಾಲಕರಿಗೆ ಗಾಡಿ ಹಂಚುವ ಪಟ್ಟಿ ಮಾಡುವ ಕೆಲಸ. ಕುರ್ಚಿ, ಮೇಜು, ಕಂಪ್ಯೂಟರು. ಅಲ್ಲಿ ಯಾವ ಬಣ್ಣದ ಕನ್ನಡಕ ಹಾಕಿದರೂ ಕೇಳುವವರಿಲ್ಲ. ವಡೋದರಾದಿಂದ ದಿನಾ ಹೋಗಿ ಬರಬಹುದಿತ್ತು, ಬಹಳ ಜನ ಹಾಗೆ ಮಾಡುತ್ತಾರೆ. ಅವನು ಕಚೇರಿಯ ಹತ್ತಿರದ ಚಾಂದ್‌ಖೇಡಾದಲ್ಲಿ ಒಂದು ಕೋಣೆ ಹಿಡಿದ. ಹೊರಡುವ ದಿನ ಮಗಳ ತಲೆ ಸವರಿದ. ನಾಗವೇಣಿಗೆ ಬರುತ್ತೇನೆ ಎನ್ನಲಿಲ್ಲ.

ಜುಲೈನಲ್ಲಿ ಸಂಜನಾ ಅಹಮದಾಬಾದಿನ ಕಾಲೇಜಿಗೆ ಸೇರಿದಳು. ಅವಳನ್ನು ಹಾಸ್ಟೆಲಿಗೆ ಬಿಟ್ಟು ನಾಗವೇಣಿ ಒಬ್ಬಳೇ ಚಾಂದ್‌ಖೇಡಾಕ್ಕೆ ಹೋದಳು. ಮೂರನೆಯ ಮಹಡಿ. ಬಾಗಿಲು ತೆರೆದ ವಿಠ್ಠಲ ಗುಲಾಬಿ ಗಾಜಿನ ಕನ್ನಡಕ ಹಾಕಿದ್ದ. ಒಂದು ಕ್ಷಣ ಅಡ್ಡ ನಿಂತ. ಆಮೇಲೆ ಸರಿದ.

ಒಳಗೆ ಒಂದು ಮಂಚ, ಒಂದು ಕುರ್ಚಿ, ಕಿಟಕಿಗೆ ದಪ್ಪ ಪರದೆ. ಅವನು ಕುರ್ಚಿ ಕೊಡಲಿಲ್ಲ. ಅವಳೇ ಕುಳಿತಳು.

"ಸಂಜೂ ಹಾಸ್ಟೆಲ್ ಚಲೋ ಐತಿ," ಎಂದಳು.

"ಫೋನ್ ಮಾಡಿದ್ಲು."

ಹೊರಗೆ ಸ್ಕೂಟರು ಹಾದುಹೋದವು. ಅವನು ಗ್ಯಾಸ್ ಹಚ್ಚಿ ಚಾಕ್ಕೆ ನೀರಿಟ್ಟ. ಬೆನ್ನು ಮಾಡಿಕೊಂಡೇ ಮಾತಾಡಿದ.

"ನೀ ಮಾಡಿದ್ದು ಬರೋಬ್ಬರಿ ಐತಿ. ಅವತ್ತು ಭಾವಿಕಾ ಚೀರಿದಾಗನ ಗೊತ್ತಾತು ನಂಗ. ಆದ್ರ ಮಂದಿ ಮುಂದ ಚೀಲಾ ತಗಸಿದ್ಯಲ್ಲ, ಅದನ್ನ ನಾ ಮರಿಯಾಂಗಿಲ್ಲ. ಸಾಯೂತನಾ ಮರಿಯಾಂಗಿಲ್ಲ."

"ಮರೀಬ್ಯಾಡ್ರಿ," ಎಂದಳು ನಾಗವೇಣಿ. "ಮಗಳ ಮುಂದ ನನ್ನ ಹುಚ್ಚಿ ಅಂದ್ರಿ. ದವಾಖಾನ್ಯಾಗ ಡಾಕ್ಟರ್ ಮುಂದ ನನ್ನ ಸುಳ್ಳಿ ಮಾಡಿದ್ರಿ. ನಾನೂ ಮರಿಯಾಂಗಿಲ್ಲ."

"ಮತ್ತ ಯಾಕ ಬಂದಿ?"

"ಬೋಪಾಲ್‌ಗೆ ಹೋಗೋಣು ನಡ್ರಿ. ಆ ಡಾಕ್ಟರಮ್ಮಗ ನೀವು ಏನ್ ಕೆಲಸಾ ಮಾಡ್ತಿದ್ರಿ ಅಂತ ಖರೇ ಹೇಳೋದು ಬಾಕಿ ಐತಿ. ಖರೇ ಹೇಳಿದ್ರ ಆಕಿ ಬ್ಯಾರೇ ಏನರ ಹೇಳಬಹುದು. ನಾನೂ ಅವತ್ತು ಸುಮ್ಮನ ಕುಂತಿದ್ದೆ. ನಾನೂ ಹೇಳಬೇಕು."

ವಿಠ್ಠಲ ತಿರುಗಿ ಅವಳನ್ನು ನೋಡಿದ. ಚಾ ಉಕ್ಕಿ ಒಲೆಯ ಮೇಲೆ ಹರಿಯಿತು. ಅವನು ಬೈದುಕೊಂಡು ಗ್ಯಾಸ್ ಆರಿಸಿದ. ಒರೆಸಲು ಬಟ್ಟೆ ಹುಡುಕಿದ. ಅವಳು ಎದ್ದು ಸಹಾಯ ಮಾಡಲಿಲ್ಲ.

"ಈ ವಾರ ಆಗಾಂಗಿಲ್ಲ," ಎಂದ ಒಲೆ ಒರೆಸುತ್ತ. "ಕೆಲಸೈತಿ."

"ಮುಂದಿನ ವಾರ?"

"ನೋಡೂಣು."

ಉಳಿದ ಚಾವನ್ನು ಅವನು ಒಂದೇ ಲೋಟಕ್ಕೆ ಸುರಿದು ಅವಳ ಮುಂದೆ ಇಟ್ಟ. ಕುಡಿದು ಲೋಟ ತೊಳೆದಿಟ್ಟು ನಾಗವೇಣಿ ಸಂಜೆಯ ಗಾಡಿಗೆ ಹೊರಟಳು. ಅವನು ಕೆಳಗಿನವರೆಗೆ ಬರಲಿಲ್ಲ. ಬುಧವಾರ ಸಂಜನಾ ಫೋನು ಮಾಡಿ, ಶನಿವಾರ ಹನ್ನೊಂದಕ್ಕೆ ಡಾಕ್ಟರ ಹತ್ತಿರ ಹೆಸರು ಬರೆಸಿದ್ದಾರಂತೆ, ಪಪ್ಪಾ ಹೇಳಲು ಹೇಳಿದರು ಎಂದಳು.

"ನಿಮ್ಮಪ್ಪಗ ನನ್ನ ನಂಬರ್ ಗೊತ್ತಿಲ್ಲೇನು?" ಎಂದಳು ನಾಗವೇಣಿ ಸಿಟ್ಟಿನಿಂದ.

ಶನಿವಾರ ಬೆಳಿಗ್ಗೆ ಆರರ ಗಾಡಿಗೆ ಅವಳು ಟಿಕೆಟ್ಟು ತೆಗೆಸಿದಳು.